ನಮ್ಮ ಬೂತಿನ ಎರಡು ವೋಟು

ನಮ್ಮನೆಯವರು ವಿಧಾನಸಭೆಗೆ ನಿಲ್ಲುತ್ತೇನೆಂದು ಹೇಳಿದ್ದು ಒಣಗಿ ಬಿರುಕು ಬಿಟ್ಟ ಕೆಸರಿನ ಮೇಲೆ ನಿಂತು. ನಾನು ಅಲ್ಲೇ ಪಕ್ಕದಲ್ಲಿ ಕೂತು ತೆಂಗಿನಕಾಯಿಯ ಜುಟ್ಟು ಕೀಳುತ್ತಿದ್ದೆ. ಮನೆಯಲ್ಲಿ ನನಗೆ ಒಂದು ಮಾತು ಹೇಳಿರಲಿಲ್ಲ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿಗೆ ಇಂಥ ಸುದ್ದಿ ಊರಿನವರ ಜೊತೆಗೇ ಗೊತ್ತಾಗಬೇಕೆ? ಕೈಯಲ್ಲಿದ್ದ ಕಾಯಿಯನ್ನು ಕಲ್ಲಿಗೆ ಒಡೆಯುವ ಬದಲು ಇವರ ತಲೆಗೇ ಒಡೆಯೋಣ ಅನ್ನುವಷ್ಟು ಸಿಟ್ಟು ಬಂತು. ಒಡೆಯಲಿಲ್ಲ. ಒಡೆದಿದ್ದರೆ ಮುಂದಿನದೆಲ್ಲ ತಪ್ಪುತ್ತಿತ್ತು.

ಆ ಕೆಸರು ಅಂದರೆ ನಮ್ಮ ಊರು. ಹೊಸನಗರ ತಾಲ್ಲೂಕಿನಲ್ಲಿ ಒಂದು ಅಣೆಕಟ್ಟು ಎದ್ದಾಗ ಎಪ್ಪತ್ತು ಚಿಲ್ಲರೆ ಮನೆಗಳ ಆ ಊರು ನೀರಿನಡಿಗೆ ಹೋಯಿತು. ಮದುವೆಯಾಗಿ ಬಂದ ನಾನು ಅಲ್ಲಿ ಮೂರು ವರ್ಷ ಮಾತ್ರ ಒಲೆ ಹೊತ್ತಿಸಿದವಳು. ಪ್ರತಿ ಬೇಸಿಗೆಯಲ್ಲೂ ನೀರು ಇಳಿದಾಗ ಊರು ಕಾಯುವ ದೇವತೆ ಚೌಡಿಯ ಕಲ್ಲು ಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಮೂರು ತಾಲ್ಲೂಕಿಗೆ ಚದುರಿದವರೆಲ್ಲ ಒಂದು ದಿನ ಬಂದು, ಕಲ್ಲಿಗೆ ಮೆತ್ತಿದ ಕೆಸರು ತೊಳೆದು, ಅರಿಶಿನ ಹಚ್ಚಿ, ಕಾಯಿ ಒಡೆಯುತ್ತೇವೆ. ಆಮೇಲೆ ಊರಿನ ಹಿರಿಯರೊಬ್ಬರು ಎದ್ದು ನಿಂತು ಮುಳುಗಿದ ಮನೆಗಳ ಹೆಸರನ್ನು ಒಂದೊಂದಾಗಿ ಕೂಗುತ್ತಾರೆ. "ಮೇಲಿನಮನೆ?" "ಇದ್ದೀವಿ." "ಗದ್ದೆಮನೆ?" "ಇದ್ದೀವಿ." ಆ ಮನೆಯವರಲ್ಲಿ ಯಾರಾದರೊಬ್ಬರು ಉತ್ತರ ಕೊಡಬೇಕು. ಉತ್ತರ ಬಾರದಿದ್ದರೆ ಹಿರಿಯರು ಇನ್ನೊಮ್ಮೆ ಕೂಗಿ, ಸ್ವಲ್ಪ ಕಾದು, ಮುಂದಿನ ಹೆಸರಿಗೆ ಹೋಗುತ್ತಾರೆ. ನಮ್ಮದು ಬಾವಿಮನೆ.

ಆ ವರ್ಷ ಐವತ್ತಕ್ಕೂ ಹೆಚ್ಚು ಮನೆಯವರು "ಇದ್ದೀವಿ" ಅಂದರು. ಇವರ ತಲೆ ತಿರುಗಿದ್ದು ಅಲ್ಲೇ. ಕೂಗು ಮುಗಿದದ್ದೇ ಪಂಚೆ ಎತ್ತಿ ಕಟ್ಟಿಕೊಂಡು ಎದ್ದು ನಿಂತರು.

"ಇಷ್ಟ್ ಜನ ಇದ್ದೀವಿ ಅಂತ ಚೌಡಿಗೆ ಮಾತ್ರ ಗೊತ್ತಾದ್ರೆ ಸಾಕಾ? ಗೆದ್ದು ಹೋದೋರಿಗೂ ಗೊತ್ತಾಗ್ಬೇಕಲ್ದಾ? ಈ ಸಲ ನಾನು ಎಲೆಕ್ಷನ್ನಿಗೆ ನಿಲ್ತೀನಿ. ಯಾರ್ ಯಾರು ನನ್ನ ಕಡೆ, ಕೈ ಎತ್ತಿ ನೋಡಾಣ."

ಎಲ್ಲರೂ ಎತ್ತಿದರು. ಅರಳಸುರಳಿಯಿಂದ ಬಂದಿದ್ದ ಇವರ ಸೋದರತ್ತೆ, ಎಪ್ಪತ್ತೆಂಟು ವರ್ಷದ ಮುದುಕಿ, ಎರಡೂ ಕೈ ಎತ್ತಿದರು.

ಇವರಿಗೆ ಶಾಸಕರಾಗುವ ಹುಚ್ಚಿರಲಿಲ್ಲ, ಅದನ್ನು ಹೇಳಲೇಬೇಕು. ನಮಗೆ ಬೇಕಾಗಿದ್ದದ್ದು ಒಂದೇ: ಹಕ್ಕುಪತ್ರ. ಊರು ಮುಳುಗಿದಾಗ ನಾವು ಮೂವತ್ತೊಂದು ಮನೆಯವರು ಹೊಸನಗರದ ಈಚೆ ಗುಡ್ಡದ ಬದಿಯಲ್ಲಿ ಬಂದು ನೆಲೆ ನಿಂತೆವು. ಇಲ್ಲೇ ಇರಿ, ಕಾಗದ ಆಮೇಲೆ ಕೊಡುತ್ತೇವೆ ಅಂದಿದ್ದರು. ಆಮೇಲೆ ಅನ್ನುವುದು ಬರಲೇ ಇಲ್ಲ. ಮಕ್ಕಳು ಹುಟ್ಟಿದರು, ಅವರಿಗೆ ಮದುವೆಯಾಯಿತು, ಮನೆಗೆ ಕರೆಂಟು ಬಂತು, ಕಾಗದ ಮಾತ್ರ ಬರಲಿಲ್ಲ. ಚುನಾವಣೆಯ ಹಿಂದಿನ ದೀಪಾವಳಿ ಮುಗಿದ ವಾರ ಮೂವತ್ತೊಂದು ಮನೆಗೂ ಒಂದೇ ಒಕ್ಕಣೆಯ ನೋಟಿಸು ಬಂತು. ಈ ಜಾಗ ನಿಮ್ಮದೆನ್ನಲು ದಾಖಲೆ ತೋರಿಸಿ, ಇಲ್ಲವಾದರೆ ತೆರವು ಮಾಡಿ ಎಂದು. ಒಮ್ಮೆ ನೀರು ಬಂದು ಎಬ್ಬಿಸಿತ್ತು, ಈಗ ಕಾಗದ ಬಂದು ಎಬ್ಬಿಸುತ್ತಿತ್ತು.

ಮುಳುಗಿದ ಊರಿನವರೆಲ್ಲ ಒಂದೇ ಕಡೆ ವೋಟು ಹಾಕಿದರೆ, ಗೆದ್ದವನೂ ಸೋತವನೂ ನಮ್ಮ ಕೇರಿಗೆ ಬಂದು ಕೂತು ಮಾತಾಡಲೇಬೇಕಾಗುತ್ತದೆ ಎಂಬುದು ಇವರ ಲೆಕ್ಕ. ಕೇಳುವುದಕ್ಕೆ ಚೆನ್ನಾಗಿಯೇ ಇತ್ತು. ನಾನೂ ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಇವರ ಬಿಳಿ ಅಂಗಿಗೆ ನೀಲಿ ಹಾಕಿ ಒಗೆದೆ.

ಇವರು ಮೂವತ್ತು ವರ್ಷ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಸಾಗರದಿಂದ ಹೊರಟು ಹೊಸನಗರದ ಮೇಲೆ ಹಾದು ತೀರ್ಥಹಳ್ಳಿ ಮುಟ್ಟುವ ಬಸ್ಸು. ಯಾವ ಸ್ಟಾಪಿನಲ್ಲಿ ಯಾರು ಹತ್ತುತ್ತಾರೆ, ಯಾರ ಮಗಳಿಗೆ ಎಷ್ಟನೆಯ ತಿಂಗಳು, ಯಾರ ಮನೆಯ ಎಮ್ಮೆ ಗಬ್ಬ, ಎಲ್ಲ ಗೊತ್ತಿತ್ತು. ಇವರ ಪ್ರಪಂಚವೆಂದರೆ ಆ ರೂಟು ಮತ್ತು ಮುಳುಗಿದ ಊರು, ಅಷ್ಟೇ. ಆದರೆ ವಿಧಾನಸಭೆಯ ಕ್ಷೇತ್ರ ಬಸ್ಸಿನ ರೂಟಿನಂತೆ ಇರುವುದಿಲ್ಲವಲ್ಲ. ಹೊಸನಗರಕ್ಕೆ ಈಗ ಅದರದೇ ಕ್ಷೇತ್ರವಿಲ್ಲ. ತಾಲ್ಲೂಕಿನ ಒಂದು ಪಾಲು ಸಾಗರಕ್ಕೆ ಸೇರಿದೆ, ಇನ್ನೊಂದು ಪಾಲು ತೀರ್ಥಹಳ್ಳಿಗೆ. ನಮ್ಮ ಕೇರಿ ಸಾಗರಕ್ಕೆ. ಆ ದಿನ ಕೆಸರಿನ ಮೇಲೆ ಎದ್ದ ಕೈಗಳಲ್ಲಿ ಅರ್ಧಕ್ಕರ್ಧ ತೀರ್ಥಹಳ್ಳಿಗೆ.

ಇದು ಗೊತ್ತಾದದ್ದು ನಾಮಪತ್ರ ಕೊಡುವ ದಿನ. ಪಕ್ಷವಿಲ್ಲದವನಿಗೆ ಹತ್ತು ಜನ ಸೂಚಕರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಇವರು ಮೊದಲನೆಯ ಹೆಸರಾಗಿ ಸೋದರತ್ತೆಯದನ್ನೇ ಬರೆಸಿದ್ದರು. ಶುಭಕಾರ್ಯದಲ್ಲಿ ಹಿರಿಯರ ಕೈ ಮುಂದಿರಬೇಕಂತೆ. ಅತ್ತೆ ಅರಳಸುರಳಿಯಿಂದ ಮೊದಲ ಬಸ್ಸಿಗೆ ಹೊರಟು, ಮೊಮ್ಮಗಳ ಮದುವೆಯ ಸೀರೆ ಉಟ್ಟು, ಸಾಗರಕ್ಕೆ ಬಂದಿದ್ದರು. ಕಚೇರಿಯ ಗುಮಾಸ್ತ ಪಟ್ಟಿ ನೋಡಿ ತಲೆ ಆಡಿಸಿದ.

"ಇವ್ರ ಹೆಸ್ರು ತೀರ್ಥಹಳ್ಳಿ ಲಿಸ್ಟಲ್ಲಿದೆ ಯಜಮಾನ್ರೆ. ಇವ್ರ ಸಹಿ ಇಲ್ಲಿ ನಡೆಯಲ್ಲ."

"ಇವ್ನನ್ನ ಎತ್ತಿ ಆಡ್ಸಿದೋಳು ನಾನು," ಅಂದರು ಅತ್ತೆ. "ನಂದು ನಡೀದೆ ಇನ್ಯಾರ್ದು ನಡೀತದೆ?"

ಹತ್ತು ಜನರಲ್ಲಿ ಮೂವರ ಹೆಸರು ಹಾಗೆ ಬಿದ್ದು ಹೋಯಿತು. ಸಮಯ ಮುಗಿಯುವುದರೊಳಗೆ ಬೇರೆ ಮೂವರನ್ನು ಹುಡುಕಲು ಇವರು ಸಾಗರದ ಬಸ್ ಸ್ಟ್ಯಾಂಡಿಗೆ ಓಡಿ, ಹಳೆಯ ಪ್ರಯಾಣಿಕರನ್ನು ಕೈ ಹಿಡಿದು ಎಳೆದುಕೊಂಡು ಬಂದರು. ಅವರಲ್ಲೊಬ್ಬ ಹಲ್ಲು ಕೀಳಿಸಿಕೊಳ್ಳಲು ಬಂದಿದ್ದವನು, ಬಾಯಲ್ಲಿ ಹತ್ತಿ ಇಟ್ಟುಕೊಂಡೇ ಸಹಿ ಹಾಕಿ ಹೋದ.

ವಾಪಸು ಬರುವಾಗ ನಾನು ಇವರಿಗೆ ಹೇಳಿದೆ. "ಅತ್ತೆಗೆ ಸರಿಯಾಗಿ ಹೇಳಿ. ಸಹಿ ಮಾತ್ರ ಅಲ್ಲ, ಅವ್ರ ವೋಟೂ ನಿಮಗೆ ಬರದಿಲ್ಲ ಅಂತ."

"ಹೇಳ್ತೀನಿ," ಅಂದರು.

ಹೇಳಲಿಲ್ಲ. ಅತ್ತೆಯ ಮುಖ ನೋಡಿದರೆ ಬಾಯಿ ಬರಲಿಲ್ಲವಂತೆ. ಅತ್ತೆ ತಮ್ಮ ಮನಸ್ಸಿನಲ್ಲಿ, ಸಹಿ ಓದಿದವರ ಕೆಲಸ, ವೋಟು ಎಲ್ಲರದು, ಅಂದುಕೊಂಡು ಊರಿಗೆ ಹೋದರು.

ಗುರುತಿನದು ಇನ್ನೊಂದು ಕಥೆ. ಇವರು ಬಾವಿಯ ಗುರುತು ಬೇಕೆಂದು ಬರೆದಿದ್ದರು, ನಮ್ಮ ಮುಳುಗಿದ ಮನೆಯ ಹೆಸರು ಅದೇ ಅಲ್ಲವೆ. ಸಿಕ್ಕಿದ್ದು ಕಾಲಿಂಗ್ ಬೆಲ್ಲು. ನಮ್ಮ ಕೇರಿಯ ಮೂವತ್ತೊಂದು ಮನೆಯಲ್ಲಿ ಒಂದಕ್ಕೂ ಕಾಲಿಂಗ್ ಬೆಲ್ಲಿಲ್ಲ. ನಮ್ಮಲ್ಲಿ ಬಂದವರು ಅಂಗಳದಲ್ಲಿ ನಿಂತು ಕೆಮ್ಮುತ್ತಾರೆ, ಇಲ್ಲವೆ ನಾಯಿಯೇ ಸುದ್ದಿ ಕೊಡುತ್ತದೆ. ಚೀಟಿಯಲ್ಲಿ ಅಚ್ಚಾದ ಚಿತ್ರ ನೋಡಿ ಒಬ್ಬರು ಸ್ವಿಚ್ಚು ಅಂದರು, ಒಬ್ಬರು ಸಾಬೂನಿನ ಪೆಟ್ಟಿಗೆ ಅಂದರು. ಇವರಿಗೆ ಬೇಜಾರಾಗಲಿಲ್ಲ. "ಕಂಡಕ್ಟರಿಗೆ ಬೆಲ್ಲು ಬಿಟ್ರೆ ಬೇರೆ ಎಂತ ಕೊಡ್ತಾರೆ?" ಅಂದು ನಕ್ಕರು. ಆ ನಗು ನೋಡಿ ನನಗೂ ಒಂದು ಕ್ಷಣ ಆಸೆ ಹುಟ್ಟಿತು. ಅದೇ ಕೊನೆ.

ಪ್ರಚಾರಕ್ಕೆ ಒಂದು ಆಟೋ, ಅದರ ನೆತ್ತಿಗೆ ಒಂದು ಮೈಕು. ಮೈಕಿನಲ್ಲಿ ಕೂಗಲು ಯಾರೂ ಸಿಗದೆ ನನ್ನ ಧ್ವನಿಯನ್ನೇ ರೆಕಾರ್ಡ್ ಮಾಡಿಸಿದರು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಪದ್ಯ ಹೇಳಿಕೊಟ್ಟ ಗಂಟಲು ನನ್ನದು, ಮೈಕಿಲ್ಲದೆಯೂ ಗುಡ್ಡದಾಚೆ ಕೇಳುತ್ತದೆ. "ನಿಮ್ಮ ಮನೆ ಮಗ, ನಿಮ್ಮ ಬಸ್ಸಿನ ಕಂಡಕ್ಟರ್, ಮುಳುಗಡೆಯವರ ದನಿ. ಕಾಲಿಂಗ್ ಬೆಲ್ ಗುರುತಿಗೇ ನಿಮ್ಮ ಅಮೂಲ್ಯ ಮತ." ಎರಡು ವಾರ ನನ್ನ ಧ್ವನಿ ಹಗಲೆಲ್ಲ ಸಾಗರ ಕ್ಷೇತ್ರ ಸುತ್ತಿತು. ಅಡುಗೆಮನೆಯಲ್ಲಿದ್ದಾಗ ದೂರದ ರಸ್ತೆಯಲ್ಲಿ ನನ್ನದೇ ದನಿ ಬೇಡುವುದನ್ನು ಕೇಳಿಸಿಕೊಳ್ಳುವುದು ಒಂಥರಾ ಇರುತ್ತದೆ.

ಆಟೋ ಒಂದು ಕಡೆ ಸುತ್ತಿದರೆ ಇವರು ಇನ್ನೊಂದು ಕಡೆ. ಇವರು ಪ್ರಚಾರ ಮಾಡಿದ್ದು ಮದುವೆಗೆ ಕರೆಯುವ ಹಾಗೆ. ನಮ್ಮ ಕಡೆ ಮದುವೆಯ ಹೇಳಿಕೆ ಅಂದರೆ ಸುಲಭದ ಕೆಲಸವಲ್ಲ. ಪ್ರತಿ ಮನೆಗೂ ಖುದ್ದಾಗಿ ಹೋಗಬೇಕು, ಒಳಗೆ ಹೋಗಿ ಕೂರಬೇಕು, ಬೆಲ್ಲ ನೀರು ಕುಡಿಯಬೇಕು, ಎಲೆಯಡಿಕೆಯ ಕವಳ ಹಾಕಬೇಕು, ಮನೆಯ ಹಿರಿಯರ ಮೈ ಆರೋಗ್ಯ ವಿಚಾರಿಸಬೇಕು, ಆಮೇಲೆ ಬಂದ ವಿಷಯ. ಗೇಟಿನಲ್ಲಿ ನಿಂತು ಹೇಳಿ ಹೋದರೆ ಹೇಳದೇ ಇದ್ದದ್ದೇ ವಾಸಿ. ಒಂದು ಮನೆ ಬಿಟ್ಟು ಹೋದರೆ ಆ ಮನೆಯವರು ತಲೆಮಾರು ಕಳೆದರೂ ಮರೆಯುವುದಿಲ್ಲ. ದೊಡ್ಡ ಪಕ್ಷದವರು ತೆರೆದ ಜೀಪಿನಲ್ಲಿ ನಿಂತು ಒಂದು ಬೆಳಿಗ್ಗೆ ಇಪ್ಪತ್ತು ಹಳ್ಳಿಗೆ ಕೈ ಬೀಸಿ ಹೋಗುತ್ತಿದ್ದರು. ಇವರು ದಿನಕ್ಕೆ ಏಳು ಮನೆ, ಹೆಚ್ಚೆಂದರೆ ಎಂಟು. ಪ್ರತಿ ಮನೆಯಲ್ಲೂ ಕುಡಿದು ಕುಡಿದು ಹೊಟ್ಟೆಯೆಲ್ಲ ಬೆಲ್ಲ ನೀರು.

ಒಂದು ದಿನ ನಾನೂ ಜೊತೆಗೆ ಹೋದೆ. ವರದಮೂಲದ ಹತ್ತಿರ ಒಂದು ಹವ್ಯಕರ ಮನೆ. ಆ ಮನೆಯ ಯಜಮಾನರು ಇವರ ಬಸ್ಸಿನ ಹಳೆಯ ಗಿರಾಕಿ, ಇವರನ್ನು ಕಂಡು ನಿಜವಾಗಿ ಖುಷಿಪಟ್ಟರು. ಹೊರಗೆ ಜಗಲಿಯಲ್ಲಿ ಇವರಿಬ್ಬರ ಮಾತು ನಡೆದಿತ್ತು. ನಾನು ಕೈಕಾಲು ತೊಳೆಯಲು ಹಿತ್ತಿಲ ಕಡೆ ಹೋದಾಗ ಒಳಗೆ ಅವರ ತಾಯಿ ಸೊಸೆಗೆ ಹೇಳುವುದು ಕೇಳಿಸಿತು.

"ಪಾಪ, ಇಬ್ರೂ ಬಿಸ್ಲಲ್ಲಿ ಬೈಂದ. ನಮ್ಮನೆ ವೋಟು ದೊಡ್ಡ ಪಕ್ಷದ ಕಡೆಗೇ ಹೇಳಿ ನಮಗೆ ಗೊತ್ತಿದ್ದು. ಹಂಗಂತ ಮನೆಗೆ ಬಂದವ್ರಿಗೆ ಇಲ್ಲೆ ಹೇಳಲಾಗ್ತಾ? ಆಸ್ರಿಗೆ ಎಂತಾರು ಕೊಡು."

ಪುನರ್ಪುಳಿ ಶರಬತ್ತು ಬಂತು. ತುಂಬ ಚೆನ್ನಾಗಿತ್ತು. ಇವರು ಎರಡು ಲೋಟ ಕುಡಿದು, ದಾರಿಯಲ್ಲಿ ನನಗೆ ಹೇಳಿದರು, "ಈ ಮನೇದು ಐದು ವೋಟು ಗ್ಯಾರಂಟಿ." ಮಾತು ಮಾತಿಗೆ ರೇಗುವ ನನಗೆ ಅವತ್ತು ರೇಗುವ ಮನಸ್ಸೂ ಬರಲಿಲ್ಲ.

ಅದರ ಮಾರನೆಯ ದಿನ ಜೋಗದಲ್ಲಿ, ಪವರ್ ಹೌಸಿನ ಕೆಲಸಗಾರರು ಬರುವ ಚಿಕ್ಕ ಹೋಟೆಲಿನೆದುರು ನಿಂತಿದ್ದಾಗ, ದೊಡ್ಡ ಅಭ್ಯರ್ಥಿಯ ಮೆರವಣಿಗೆ ಬಂತು. ಇವರು ಮೂಲೆಗೆ ಸರಿದು ದಾರಿ ಬಿಟ್ಟರು. ಅಭ್ಯಾಸಬಲದಿಂದ ಕೈಯೆತ್ತಿ ನಮಸ್ಕಾರವನ್ನೂ ಮಾಡಿದರು. ಎದುರಾಳಿಗೆ! ಜೀಪಿನ ಮೇಲಿದ್ದವರು ಇವರನ್ನು ಯಾರೋ ಮತದಾರನೆಂದುಕೊಂಡು ಒಂದು ಚೀಟಿ ಕೊಟ್ಟು ಮುಂದೆ ಹೋದರು. ಇವರು ಆ ಚೀಟಿಯನ್ನು ಮಡಚಿ ಕಿಸೆಗಿಟ್ಟುಕೊಂಡರು, ಬಿಸಾಡಲಿಲ್ಲ. ಬಸ್ಸಿನಲ್ಲಿ ಬಿದ್ದ ಟಿಕೇಟನ್ನೂ ಎತ್ತಿಡುತ್ತಿದ್ದ ಮನುಷ್ಯ.

ಇಷ್ಟಾದರೂ ನಾನು ಸಹಿಸಿಕೊಂಡೆ. ಸಹಿಸಲಾಗದ್ದು ಅರಳಸುರಳಿ. ಪ್ರಚಾರದ ಎರಡು ವಾರದಲ್ಲಿ ಇವರು ಐದು ದಿನ ಕಳೆದದ್ದು ತೀರ್ಥಹಳ್ಳಿ ಕ್ಷೇತ್ರದಲ್ಲಿ, ಅರಳಸುರಳಿ ಕಡೆ ನೆಲೆಸಿದ ನಮ್ಮೂರಿನವರ ಮನೆಗಳಲ್ಲಿ. ಒಂದು ವೋಟೂ ಹುಟ್ಟದ ಜಾಗದಲ್ಲಿ. ಕೊನೆಯ ದಿನ ಬೆಳಿಗ್ಗೆಯೂ ಅಂಗಿ ಹಾಕಿಕೊಂಡು ಹೊರಟರು.

"ಎಲ್ಲಿಗೆ?" ಅಂದೆ.

"ಅರಳಸುರಳಿಗೆ. ಇನ್ನೂ ಆರು ಮನೆ ಬಾಕಿ ಇದೆ."

"ಅವ್ರು ನಿಮಗೆ ವೋಟು ಹಾಕಕ್ಕಾಗದಿಲ್ಲ. ನಾಳೆ ಒಂದು ದಿನ ಬಿಟ್ರೆ ನಾಡಿದ್ದು ಮತದಾನ. ನಮ್ಮ ಕೇರಿ ಮನೆಗೇ ನೀವಿನ್ನೂ ಹೋಗ್ಲಿಲ್ಲ."

"ನಮ್ಮ ಕೇರಿ ಎಲ್ಲಿ ಹೋಗ್ತದೆ ಮಾರಾಯ್ತಿ? ಮನೆಯೋರು. ಅಲ್ಲಿಯವ್ರು ಕೈ ಎತ್ತಿದ್ರು ಅವತ್ತು. ಎಲ್ಲ ಮನೆಗೆ ಹೋಗಿ ಅವ್ರ ಮನೆಗೆ ಹೋಗ್ದಿದ್ರೆ, ನಾಳೆ ಚೌಡಿ ಹತ್ರ ಎಂತ ಮುಖ ಇಟ್ಕಂಡು ನಿಲ್ಲದು?"

"ಹಂಗಾದ್ರೆ ಅವ್ರಿಗೆ ಇದ್ದ ವಿಷಯ ಹೇಳಿಯಾದ್ರೂ ಬನ್ನಿ."

"ಮನೆಗೆ ಬಂದೋನು, ನಿಮ್ಮ ವೋಟು ನಂಗೆ ಬ್ಯಾಡ ಅನ್ನದಾ?"

ನಾನು ಕೈಯಲ್ಲಿದ್ದ ಸೌಟನ್ನು ಪಾತ್ರೆಗೆ ಕುಕ್ಕಿದೆ. ಇವರು ಹೊರಟೇ ಹೋದರು. ಇಂಥ ತಪ್ಪನ್ನು ನಮ್ಮೂರಿನವರು ಮಾತ್ರ ಮಾಡುತ್ತಾರೆ. ಬೇರೆಯವರಿಗೆ ಊರೆಂದರೆ ಈಗ ಇರುವುದು, ನಮಗೆ ಈಗ ಇಲ್ಲದ್ದು.

ಅವತ್ತು ಮಧ್ಯಾಹ್ನ ನಾಲ್ಕು ಗಂಟೆಗೆ ಹಾಲಿನ ಡೇರಿಯ ಮುಂದೆ, ನಮ್ಮ ಕೇರಿಯವರು ಕ್ಯಾನು ಹಿಡಿದು ನಿಂತಿದ್ದಾಗ, ಡೇರಿಯ ಕಾರ್ಯದರ್ಶಿ ಮಾತೆತ್ತಿದರು. ಅವರು ದೊಡ್ಡ ಪಕ್ಷವೊಂದರ ಕಡೆಯವರೆಂದು ಎಲ್ಲರಿಗೂ ಗೊತ್ತು. ಮನುಷ್ಯ ಕೆಟ್ಟವರಲ್ಲ. ನನ್ನನ್ನು ನೋಡಿಯೇ ಹೇಳಿದರು.

"ಅಕ್ಕಾ, ನೀವು ತಪ್ಪು ತಿಳ್ಕಬ್ಯಾಡಿ. ನಿಮ್ಮ ಯಜಮಾನ್ರು ಒಳ್ಳೇವ್ರು. ಆದ್ರೆ ಅವ್ರು ಗೆಲ್ಲದುಂಟಾ? ನಮ್ಮೋರು ಮಾತು ಕೊಟ್ಟಿದಾರೆ. ಈ ಬೂತಲ್ಲಿ ಲೀಡ್ ಬಂದ್ರೆ ಮಳೆ ಹಿಡಿಯೋದ್ರೊಳಗೆ ಸರ್ವೆ ಮಾಡ್ಸಿ, ಮೂವತ್ತೊಂದು ಮನೆಗೂ ಹಕ್ಕುಪತ್ರ. ಲೀಡ್ ಬರ್ಲಿಲ್ಲ ಅಂದ್ರೆ ನಮ್ಮ ಹತ್ರ ಬರಬ್ಯಾಡಿ."

ಅವರು ಒಳಗೆ ಹೋದ ಮೇಲೆ ಕೇರಿಯ ಹೆಂಗಸರೆಲ್ಲ ನನ್ನ ಸುತ್ತ ನಿಂತರು. ಕ್ಯಾನುಗಳನ್ನು ಕೆಳಗಿಟ್ಟರು. ಕೊನೆಗೆ ಒಬ್ಬಳು, ಮೊನ್ನೆ ಮೊನ್ನೆ ಸಾಲ ಮಾಡಿ ಮನೆಗೆ ಹೆಂಚು ಹೊದೆಸಿದವಳು, ಕೇಳಿದಳು. "ಎಂತ ಮಾಡದು ಅಕ್ಕಾ? ನೀವು ಹೇಳ್ದಂಗೆ."

ನಾನು ಹೇಳಬೇಕಾಗಿದ್ದ ಮಾತು ನನಗೆ ಗೊತ್ತಿತ್ತು. ಎರಡು ವಾರದಿಂದ ಮೈಕಿನಲ್ಲಿ ಅದನ್ನೇ ಹೇಳುತ್ತಿದ್ದೆ. ಆದರೆ ಇವರು ಆ ಹೊತ್ತಿಗೆ ಅರಳಸುರಳಿಯಲ್ಲಿ ಯಾರದೋ ಜಗಲಿಯಲ್ಲಿ ಕವಳ ಹಾಕುತ್ತಾ ಕೂತಿದ್ದರು. ಆ ಸಿಟ್ಟು ನೆತ್ತಿಗೇರಿತ್ತು. "ನಂಗೆ ಎಂತಕ್ಕೆ ಕೇಳ್ತೀರಿ? ನಿಮ್ಮ ನಿಮ್ಮ ಮನೆ ಉಳಿಯೋ ದಾರಿ ನೀವು ನೋಡ್ಕಳಿ," ಅಂದೆ. ಅವರ ಮುಖ ಹಗುರಾದದ್ದು ನನಗೆ ಕಾಣಿಸಿತು. ಅಭ್ಯರ್ಥಿಯ ಹೆಂಡತಿಯೇ ಬಿಟ್ಟು ಕೊಟ್ಟಿದ್ದಳು.

ಮತದಾನದ ದಿನ ಬೆಳಿಗ್ಗೆ ಎಂಟಕ್ಕೆ ನಾನು ಸಾಲಿನಲ್ಲಿ ನಿಂತೆ. ಇವರು ನನಗಿಂತ ಮೊದಲೇ ಹಾಕಿ ಬಂದು, ಬೆರಳಿನ ಶಾಯಿ ತೋರಿಸಿ, ಬೇರೆ ಬೂತುಗಳನ್ನು ನೋಡಲು ಹೊರಟಿದ್ದರು. ಒಳಗೆ ರಟ್ಟಿನ ಮರೆಯ ಹಿಂದೆ ಯಂತ್ರದ ಮುಂದೆ ನಿಂತಾಗ ಮೊದಲು ಕಾಣಿಸಿದ್ದೇ ಬೆಲ್ಲು. ಅದರ ಪಕ್ಕದಲ್ಲಿ ಇವರ ಚಿಕ್ಕ ಫೋಟೋ, ನಾನೇ ನೀಲಿ ಹಾಕಿ ಒಗೆದ ಅಂಗಿ. ನನ್ನ ಬೆರಳು ಅದರ ಮೇಲೆ ಹೋಗಿತ್ತು. ಆಗ ನೋಟಿಸು ನೆನಪಾಯಿತು. ಒಂದು ಸಲ ಮನೆ ಬಿಟ್ಟು ಬಂದದ್ದು ನೆನಪಾಯಿತು, ಕಂಕುಳಲ್ಲಿ ಕೂಸು, ತಲೆಯ ಮೇಲೆ ಬೀಸುವ ಕಲ್ಲು, ಹಿಂದೆ ಮೆಟ್ಟಿಲು ಹತ್ತುವ ನೀರು. ಇನ್ನೊಂದು ಸಲ ಹಾಗೆ ಹೊರಡಲು ನನ್ನಿಂದ ಆಗದು ಅನ್ನಿಸಿತು. ಬೆರಳು ಮೇಲಕ್ಕೆ ಸರಿದು ಡೇರಿಯವರು ಹೇಳಿದ ಗುರುತನ್ನು ಒತ್ತಿತು. ಯಂತ್ರ ಉದ್ದಕ್ಕೆ ಕೂಗಿತು.

ಮನೆಗೆ ಬಂದು ಅನ್ನಕ್ಕೆ ಇಟ್ಟಿದ್ದೆ. ಫೋನು ಬಂತು. ಅರಳಸುರಳಿಯ ಅತ್ತೆ.

"ಇವ್ನೆಲ್ಲಿ? ಫೋನೇ ಎತ್ತದಿಲ್ಲ. ನನ್ನ ಮಷೀನಲ್ಲಿ ಬೆಲ್ಲೇ ಇಲ್ಲ ಕಣೆ! ಮೇಲಿಂದ ಕೆಳಗೆ ಎರಡು ಸಲ ನೋಡ್ದೆ. ಕೈಯಲ್ಲಿ ತಡವಿ ನೋಡ್ದೆ. ಇವ್ನ ಫೋಟೋನೂ ಇಲ್ಲ. ಮಷೀನ್ ಕೆಟ್ಟದೆ ಅಂತ ಹೇಳ್ದೆ, ಆ ಸಾಹೇಬ್ರು ನಗ್ತಾರೆ. ಯಾವ್ದಾದ್ರೂ ಒಂದು ಒತ್ತಿ ಅಜ್ಜಿ, ಹಿಂದೆ ಜನ ಕಾಯ್ತಾರೆ ಅಂದ್ರು. ಯಾವ್ದಾದ್ರೂ ಎಂತಕ್ಕೆ ಒತ್ಲಿ? ನಾನು ಒತ್ತಕ್ಕೆ ಬಂದಿದ್ದು ಇವ್ನಿಗೆ. ಒತ್ತದೇ ಬಂದೆ. ಬೆರಳಿಗೆ ಮಾತ್ರ ಮಸಿ ಹಚ್ಚಿ ಕಳ್ಸಿದ್ರು."

ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ. ಗುರುತು ಇದ್ದವಳು ಒತ್ತಲಿಲ್ಲ, ಒತ್ತಬೇಕೆಂದು ಹೋದವಳಿಗೆ ಗುರುತೇ ಇರಲಿಲ್ಲ. "ಇವ್ರು ಬಂದ ಮೇಲೆ ಹೇಳ್ತೀನಿ ಅತ್ತೆ," ಅಂದೆ. ಅನ್ನ ಸೀದು ಹೋಯಿತು.

ಎಣಿಕೆಯ ದಿನ ಇವರು ಒಬ್ಬರೇ ಶಿವಮೊಗ್ಗಕ್ಕೆ ಹೋದರು. ಕಂಡಕ್ಟರಿಕೆಯ ಕಾಲದ, ಸ್ಟಾಪಿಗೊಂದು ಗೆರೆಯಂತೆ ಜನರ ಲೆಕ್ಕ ಬರೆಯುವ ಉದ್ದನೆಯ ಟ್ರಿಪ್‌ಶೀಟ್ ಪುಸ್ತಕವೊಂದನ್ನು ಇವರು ಜೋಪಾನವಾಗಿ ಇಟ್ಟುಕೊಂಡಿದ್ದರು, ಸ್ಟಾಪಿನ ಜಾಗದಲ್ಲಿ ಬೂತಿನ ಹೆಸರು ಬರೆದುಕೊಂಡು ಹೋದರು. ಮೇಜಿನ ಮುಂದೆ ಕೂತು ಪ್ರತಿ ಬೂತಿನದೂ ಬರೆದುಕೊಂಡರಂತೆ. ಸಂಜೆಯ ಬಸ್ಸಿಗೆ ವಾಪಸು ಬಂದರು. ಮುಖ ತೊಳೆದರು, ಮಜ್ಜಿಗೆ ಕುಡಿದರು, ಪುಸ್ತಕ ಬಿಚ್ಚಿದರು.

ಡೇರಿಯವರ ಪಕ್ಷ ನಮ್ಮ ಬೂತಿನಲ್ಲಿ ಭರ್ಜರಿ ಲೀಡು ಪಡೆದಿತ್ತು. ಕ್ಷೇತ್ರದಲ್ಲಿ ಸೋತಿತ್ತು. ಸರ್ವೆಯೂ ಇಲ್ಲ, ಕಾಗದವೂ ಇಲ್ಲ, ನೋಟಿಸು ಹಾಗೇ ಇದೆ. ಆಮೇಲೆ ಕೇಳಿದಾಗ ಕಾರ್ಯದರ್ಶಿಗಳು ನೆಲ ನೋಡುತ್ತಾ, "ಗೆದ್ದಿದ್ರೆ ಮಾಡ್ಸಿ ಕೊಡ್ತಿದ್ವಿ ಅಕ್ಕಾ," ಅಂದರು. ಗೆದ್ದವರು ನಮ್ಮ ಬೂತಿನ ಲೆಕ್ಕ ನೋಡಿದ್ದಾರೆ, ನಮ್ಮ ಕೇರಿಯ ಕಡೆ ಇವತ್ತಿನವರೆಗೆ ತಲೆ ಹಾಕಿಲ್ಲ.

ಇವರ ಬೆರಳು ಪುಸ್ತಕದ ಗೆರೆಗಳ ಮೇಲೆ ಇಳಿದು ನಮ್ಮ ಬೂತಿನ ಹೆಸರಿಗೆ ಬಂದು ನಿಂತಿತು. ವರದಮೂಲದ ಕಡೆ ಸೊನ್ನೆ. ಜೋಗದಲ್ಲಿ ಏಳು. ನಮ್ಮ ಬೂತಿನಲ್ಲಿ ಎರಡು.

"ಎರಡು," ಅಂದರು. ಅಳಲಿಲ್ಲ, ಬೈಯಲಿಲ್ಲ. ಕೇರಿಯವರ ಮೇಲೆ ಒಂದು ಮಾತಿಲ್ಲ. "ನಂದೊಂದು, ನಿಂದೊಂದು. ಆತು ಬಿಡು. ಮೂವತ್ತು ಮನೆ ಕೈ ಬಿಟ್ರೂ ನನ್ನ ಮನೆ ಬಿಡ್ಲಿಲ್ಲ."

ಆಗ ಹೇಳಿಬಿಡಬೇಕಾಗಿತ್ತು. ಯಾವ ಮಾತಿಗೂ ತಡೆಯಿಲ್ಲದ ಬಾಯಿ ನನ್ನದು, ಊರಿಗೆಲ್ಲ ಗೊತ್ತು. ಆದರೂ ಮಜ್ಜಿಗೆಯ ಲೋಟ ತೆಗೆದುಕೊಂಡು ಒಳಗೆ ಹೋದೆ. ಆ ಎರಡನೆಯ ವೋಟು ಯಾರದು ಎಂದು ನನಗೆ ಈಗಲೂ ಗೊತ್ತಿಲ್ಲ. ಡೇರಿಗೆ ಹೋದಾಗ, ನೀರಿಗೆ ಹೋದಾಗ, ಒಬ್ಬೊಬ್ಬರ ಮುಖವನ್ನೂ ನೋಡುತ್ತೇನೆ. ಯಾರೋ ಒಬ್ಬರು, ನನ್ನಷ್ಟೇ ಹೆದರಿದ್ದವರು, ಆದರೂ ಬೆಲ್ಲು ಒತ್ತಿದ್ದಾರೆ. ಅವರ ಪುಣ್ಯವನ್ನು ನಾನು ಕದ್ದು ಉಣ್ಣುತ್ತಿದ್ದೇನೆ ಅನ್ನಿಸಿ ನಾಚಿಕೆಯಾಗುತ್ತದೆ.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ನೀರು ಇಳಿಯಿತು. ಚೌಡಿಯ ಹತ್ತಿರ ಆ ಸಲ ಜನ ಕಡಿಮೆ. ನಮ್ಮ ಕೇರಿಯ ಎಷ್ಟೋ ಮನೆಯವರು ಬರಲಿಲ್ಲ, ಇವರ ಮುಖ ನೋಡಲು ಸಂಕೋಚ. ಸರ್ಕಾರಕ್ಕೆ ನಾವು ಇದ್ದೇವೆಂದು ತೋರಿಸಲು ಹೋಗಿ, ನಮಗೆ ನಾವೇ ಕಾಣದಂತಾಗಿದ್ದೆವು. ಅರಳಸುರಳಿಯ ಅತ್ತೆ ಮಾತ್ರ ಬಂದಿದ್ದರು, ಕೋಲು ಊರಿಕೊಂಡು. ಇವರು ಆಗಲೇ ಅವರಿಗೆ ಕ್ಷೇತ್ರದ ವಿಷಯ ಬಿಡಿಸಿ ಹೇಳಿದ್ದು, ಒಂದು ವರ್ಷ ತಡವಾಗಿ. ಅತ್ತೆ ಎಲ್ಲ ಕೇಳಿಸಿಕೊಂಡರು.

"ಎಷ್ಟು ಬಿದ್ವು ನಿಮ್ಮ ಬೂತಲ್ಲಿ?"

"ಎರಡು ಅತ್ತೆ. ನಂದು, ಇವಳ್ದು."

ಅತ್ತೆ ನನ್ನ ಕೈ ಹಿಡಿದುಕೊಂಡು, ತಮ್ಮ ಒಣಗಿದ ಕೆನ್ನೆಗೆ ಒತ್ತಿಕೊಂಡರು. "ಮೂರು ಅಂತ ಬರ್ಕ," ಅಂದರು ಇವರಿಗೆ. "ನಂದೂ ಸೇರ್ಸು. ನಾನು ಹುಡುಕಿದ್ದು ಸುಳ್ಳಾ?"

ಇವರು ಚೀಲದಿಂದ ಆ ಪುಸ್ತಕ ತೆಗೆದರು. ಅದನ್ನು ಅಲ್ಲಿಗೂ ತಂದಿದ್ದರೆಂದು ನನಗೆ ಗೊತ್ತಿರಲಿಲ್ಲ. ಎರಡನ್ನು ಹೊಡೆದುಹಾಕಿ ಪಕ್ಕದಲ್ಲಿ ಮೂರು ಎಂದು ಬರೆದು, ಅತ್ತೆಗೂ ನನಗೂ ತೋರಿಸಿದರು. ಇವರ ಕಣ್ಣು ತುಂಬಿತ್ತು. ಅಷ್ಟರಲ್ಲಿ ಹಿರಿಯರು ಹೆಸರು ಕೂಗಲು ಶುರು ಮಾಡಿದ್ದರು. ಒಂದೊಂದು ಹೆಸರಿಗೂ ಉತ್ತರಕ್ಕಾಗಿ ಕಾಯಬೇಕಾಗಿತ್ತು. ಕೂಗು ನಮ್ಮ ಮನೆಗೆ ಬಂತು.

"ಬಾವಿಮನೆ?"

ಇವರು ನನ್ನ ಕಡೆ ತಿರುಗಿ, ನೀನೇ ಹೇಳು ಅನ್ನುವಂತೆ ಕೈ ಮಾಡಿದರು. ಅತ್ತೆ ನನ್ನ ಕೈ ಬಿಟ್ಟಿರಲಿಲ್ಲ.

"ಬಾವಿಮನೆ?" ಹಿರಿಯರು ಎರಡನೆಯ ಸಲ ಕೂಗಿ ಕಾದರು.

"ಇದ್ದೀವಿ," ಅಂದೆ. ಅಂಗನವಾಡಿಯ ಗಂಟಲು, ಕೆಸರು ದಾಟಿ ಆಚೆ ದಡದವರೆಗೂ ಕೇಳಿತು.